ಗಾಲಿ ಓಡಿಸುವ ಹುಡುಗಿಗೆ ಹೊಸ ಕಟ್ಟು

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗ್ಯಾರೇಜಿನ ಶಟರ್ ಅರ್ಧ ಎತ್ತಿ, ಸಿದ್ದಣ್ಣ ಮೇಜಿನ ಮೇಲೆ ಬಾಗಿದ್ದಾರೆ. ಎದುರಿಗೆ ಹತ್ತೊಂಬತ್ತನೇ ಶತಮಾನದ ಒಂದು ಜಲವರ್ಣ ಚಿತ್ರ. ಬಿಳಿ ಫ್ರಾಕಿನ ಪುಟ್ಟ ಹುಡುಗಿ ಹುಲ್ಲಿನ ಮೇಲೆ ಕೋಲು ಹಿಡಿದು ಮರದ ಗಾಲಿ ಓಡಿಸುತ್ತಿದ್ದಾಳೆ. ಆ ಗಾಲಿಯ ಕೆಳಗಿನ ಕಾಗದ ಗಾಜಿಗೆ ಅಂಟಿಕೊಂಡಿದೆ.

"ಹತ್ರ ಬರಬ್ಯಾಡ್ರಿ," ಎನ್ನುತ್ತಾರೆ ತಲೆ ಎತ್ತದೆ. "ಉಸಿರಿನ ಹಸಿ ಸೈತ ಇದಕ್ಕ ಆಗಿ ಬರಂಗಿಲ್ಲ."

ಸಿದ್ದಣ್ಣನವರಿಗೆ ಅರವತ್ತಮೂರು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದವರು. ಹೆಂಡತಿ ಅನ್ನಪೂರ್ಣವ್ವ ನರ್ಸ್. ಅವರಿಗೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಸಿಕ್ಕಾಗ ಇಬ್ಬರೂ ಬಂದರು. ಹಗಲು ಗೋದಾಮಿನಲ್ಲಿ ಕೆಲಸ. ಶಿಫ್ಟಿಗೆ ಹೊರಡುವ ಮುನ್ನ ಈ ಗ್ಯಾರೇಜು. ಸಿಡ್ನಿಯ ಎಷ್ಟೋ ಕನ್ನಡದ ಮನೆಗಳಲ್ಲಿ ತೀರಿಕೊಂಡ ಹಿರಿಯರ ಫೋಟೋಗಳು ನಿಂತಿರುವುದು ಇವರು ಹಾಕಿದ ಕಟ್ಟಿನಲ್ಲಿ. ಆದರೆ ಕಟ್ಟು ಹಾಕಿದವರು ಯಾರೆಂದು ಕೇಳುವವರು ಕಡಿಮೆ.

ಈ ಚಿತ್ರ ಇಲ್ಲಿಗೆ ಬಂದ ಬಗೆಯೇ ಬೇರೆ. ಇದೇ ಸಬರ್ಬಿನ ದಂತವೈದ್ಯೆ ವಸಂತಾ ಅವರ ನೆರೆಮನೆಯ ಅಜ್ಜಿ ಮಾರ್ಗರೆಟ್ ವೃದ್ಧಾಶ್ರಮಕ್ಕೆ ಹೋಗುವಾಗ ಇದನ್ನು ವಸಂತಾರ ಕೈಗಿಟ್ಟರು. ಮೆಲ್ಬರ್ನ್‌ನ ವೆರಿಬೀಯಲ್ಲಿರುವ ತನ್ನ ಮೊಮ್ಮಗಳಿಗೆ ಮಗುವಾದಾಗ ತಲುಪಿಸಬೇಕು ಎಂಬುದು ಅವರ ಕೋರಿಕೆ. ಮಗು ಹುಟ್ಟಿದೆ, ಶನಿವಾರ ವಸಂತಾ ಹೊರಡಬೇಕು. ಅಷ್ಟರಲ್ಲಿ ಮೈಸೂರಿನಿಂದ ಬಂದ ಅತ್ತೆ ಗಿರಿಜಮ್ಮ, ವಸಂತಾರ ಗೋಡೆಯ ಮೇಲೆ ಕಟ್ಟಿನೊಳಗಿದ್ದ ಹಳೇ ಕಾಲದ ಮಗುವನ್ನು ಕಂಡು, ಈ ಮನೆಯಲ್ಲಿ ತೀರಿಹೋದ ಕೂಸೇ ಇರಬೇಕೆಂದು ಬಗೆದು, ದಿನವೂ ನೀರು ಚಿಮುಕಿಸಿದ ಹೂವಿನ ಹಾರ ಹಾಕಿದರು. ನೀರು ಗಾಜಿನ ಹಿಂದೆ ಇಳಿಯಿತು.

"ನಾನು ಕ್ಲಿನಿಕ್ ಬಿಝಿಲಿ ಗಮನಿಸಲೇ ಇಲ್ಲ, ಅಂಕಲ್," ಎನ್ನುತ್ತಾರೆ ಶಟರ್ ಬಳಿ ಅತ್ತೆಯೊಂದಿಗೆ ನಿಂತ ವಸಂತಾ. "ನಂಬಿ ಕೊಟ್ಟಿದ್ದು. ಹೇಗೆ ಮುಖ ತೋರಿಸಲಿ?"

"ನನ್ನನ್ನ ಕೇಳಿದ್ರೆ ಹೇಳ್ತಿದ್ದೆನಲ್ಲ," ಗಿರಿಜಮ್ಮನ ಆಕ್ಷೇಪ. "ಅತ್ತೆ ಏನು ಮಾಡ್ತಿದ್ದಾಳೆ ಅಂತ ನೋಡೋಕೂ ಅಪಾಯಿಂಟ್ಮೆಂಟ್ ಬೇಕು ಇವಳಿಗೆ."

ಮೊದಲ ದಿನವೇ ಸಿದ್ದಣ್ಣ, ಹಳೇ ಕಾಗದದ ತಜ್ಞರಲ್ಲಿಗೆ ಒಯ್ಯುವಂತೆ ಹೇಳಿದ್ದರು. ಅಲ್ಲಿ ಸರದಿ ಬರಲು ಎರಡು ತಿಂಗಳು. ಹಾಗಾಗಿ ಕಾಗದವನ್ನು ಗಾಜಿನ ಮೇಲೇ ಪೂರ್ತಿ ಒಣಗಲು ಬಿಟ್ಟು, ಇವತ್ತು ತೆಳು ಬ್ಲೇಡು ಹಿಡಿದಿದ್ದಾರೆ. ಕೂದಲೆಳೆಯಷ್ಟು ಸರಿಸುತ್ತಾರೆ, ನಿಲ್ಲುತ್ತಾರೆ. ವಸಂತಾ ಕಣ್ಣು ಮುಚ್ಚಿಕೊಂಡಿದ್ದಾರೆ.

ಗಾಜು ಬಿಟ್ಟುಕೊಳ್ಳುತ್ತದೆ. ಗಾಲಿ ಉಳಿದಿದೆ. ಉಗುರಿನಷ್ಟು ಹಸಿರು ಹುಲ್ಲು ಮಾತ್ರ ಗಾಜಿನ ಮೇಲೆ ಉಳಿದುಹೋಗಿದೆ.

"ಅಷ್ಟು ಜಾಗಕ್ಕೆ ಬಣ್ಣ ಹಚ್ಚಿಬಿಡಿ, ಗೊತ್ತಾಗಲ್ಲ," ಎನ್ನುತ್ತಾರೆ ವಸಂತಾ.

"ನಾ ಹಚ್ಚಿದ್ರ ಅದು ನನ್ನ ಹುಲ್ಲು ಆಗ್ತದವ್ವಾ. ಅವ್ರಿಗೆ ಇದ್ದದ್ದು ಇದ್ದಂಗ ಹೇಳು. ಸಿಟ್ಟಾದ್ರ ನನ್ನ ನಂಬರ್ ಕೊಡು."

ವಸಂತಾ ಅಲ್ಲೇ ವೆರಿಬೀಗೆ ಫೋನ್ ಹಚ್ಚಿ ಎಲ್ಲ ಹೇಳುತ್ತಾರೆ. ಆ ಕಡೆಯಿಂದ ಜೋರು ನಗು. ಮಾರ್ಗರೆಟರ ಮೊಮ್ಮಗಳಿಗೆ ಹಾರದ ಕಥೆಯೂ ಚಿತ್ರದ ಜೊತೆಗೇ ಬೇಕಂತೆ.

"ಆ ಕೂಸು ಕೊನೆಗೆ ಏನಾಯ್ತು ಕೇಳೇ," ಎಂದು ಗಿರಿಜಮ್ಮ ಸೊಸೆಯ ಸೆರಗು ಎಳೆಯುತ್ತಾರೆ.

"ಮಾರ್ಗರೆಟ್ ಅವರ ಅಜ್ಜಿ ಅಂತೆ, ಅತ್ತೆ. ಮೊಮ್ಮಕ್ಕಳನ್ನೆಲ್ಲ ಎತ್ತಿ ಆಡಿಸಿದ್ದಾರಂತೆ."

ಗಿರಿಜಮ್ಮ ಹುಡುಗಿಯನ್ನು ಇನ್ನೊಮ್ಮೆ ನೋಡಿ, ಗಾಳಿಯಲ್ಲೇ ದೃಷ್ಟಿ ತೆಗೆದು ನೆಟಿಕೆ ಮುರಿಯುತ್ತಾರೆ.

ಸಿದ್ದಣ್ಣ ಚಿತ್ರಕ್ಕೂ ಹೊಸ ಗಾಜಿಗೂ ನಡುವೆ ಸಣ್ಣ ಪಟ್ಟಿ ಕೊಟ್ಟು, ಎರಡೂ ತಾಗದಂತೆ ಕೂರಿಸುತ್ತಾರೆ. ಶಿಫ್ಟಿಗೆ ಹೊತ್ತಾಗಿದೆ, ಆದರೂ ಚಿತ್ರವನ್ನು ಬೆಳಕಿಗೆ ಹಿಡಿದು ನಿಲ್ಲುತ್ತಾರೆ.

"ಇಷ್ಟು ವರ್ಷ ಹಾರ ಹಾಕೋ ಫೋಟೋಕ್ಕ ಕಟ್ಟು ಹಾಕೇನ್ರಿ. ಇದೊಂದು ಕೂಸು ಆಡಾಕ ಹೊರಗ ಹೊಂಟೈತಿ. ಹಿಂತಾವು ಇನ್ನೊಂದೆರಡು ಬಂದ್ರ ಸಾಕು ನನಗ."