ಸಿಹಿನೀರ ಬಾವಿ ಕುದಿದ ಬೆಳಗು

ಯುಗಾದಿ ಕಳೆದ ಮರುವಾರ, ಬೆಳಗಿನ ಹತ್ತೂವರೆಯ ಸುಮಾರಿಗೆ, ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸಿಹಿನೀರ ಬಾವಿಯ ಉತ್ತರದ ಕಟ್ಟೆಯ ಮೇಲೆ ನಾನು ನಿಂತಿದ್ದೆ. ಬರಿಗಾಲಲ್ಲಿದ್ದೆ, ಯಾಕೆಂದರೆ ಆ ಕಟ್ಟೆಗೆ ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲ. ಮುಖ ಬಾವಿಯ ಕಡೆಗಿತ್ತು. ಬೆನ್ನ ಹಿಂದೆ, ಎಮ್ಮೆ ಕಟ್ಟುವ ಹಗ್ಗ ಮುಟ್ಟುವಷ್ಟು ದೂರದಲ್ಲಿ, ಕೊಳವೆಬಾವಿ ಕೊರೆಯುವ ಲಾರಿ ನೆಲಕ್ಕೆ ಸರಳು ಇಳಿಸುತ್ತಿತ್ತು. ಆಗ ಬಾವಿಯ ನೀರು ಕುದಿಯತೊಡಗಿತು. ಬಿಸಿಯಿರಲಿಲ್ಲ, ಹಬೆಯಿರಲಿಲ್ಲ. ತಳದಿಂದ ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಸೇರಿದ್ದ ಹೆಂಗಸರು ಅರಿಸಿನ ಕುಂಕುಮ ಎರಚಿದರು. ಅಲ್ಲಿದ್ದವರಲ್ಲಿ ಹೆದರಿದವನು ನಾನೊಬ್ಬನೇ.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನನ್ನಲ್ಲಿ ಕೇಳಿಕೊಂಡದ್ದು ಅದೊಂದನ್ನೇ.

ನಾನು ಕುಮಟಾ ಕಡೆಯವನು. ಇದನ್ನು ಓದುವ ನೀವೂ ಹೆಚ್ಚಿನವರು ಆ ಕಡೆಯವರೇ. ಅಂತರ್ಜಲ ಅಧ್ಯಯನದ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿ ಗದಗಿಗೆ ಬಂದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಅಳೆಯುವುದು, ಶೀಸೆಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ನನ್ನ ಕೆಲಸ. ಬಾಡಿಗೆ ಕೋಣೆ ಸಿಕ್ಕಿದ್ದು ಬೆಟಗೇರಿಯ ಒಂದು ನೇಕಾರರ ಮನೆಯ ಮಾಳಿಗೆಯಲ್ಲಿ. ಕೆಳಗೆ ಶಂಕ್ರಪ್ಪನವರ ಕೈಮಗ್ಗ. ಬೆಳಗಾದರೆ ಅದರ ಸದ್ದಿಗೇ ಏಳುವುದು. ನಮ್ಮಲ್ಲಿ ಮಳೆಯ ಸದ್ದಿಗೆ ಮಲಗಿದವನಿಗೆ ಮರದ ಈ ಒಣ ಸದ್ದು ಹೊಂದಿಕೊಳ್ಳಲು ಬಹಳ ದಿನ ಬೇಕಾಯಿತು.

ಮೊದಲ ಭಾನುವಾರ ಗಂಜಿಗೆಂದು ಅಕ್ಕಿ ತೊಳೆಯುತ್ತಿದ್ದೆ. ಮನೆಯಲ್ಲಿ ತೊಳೆಯುವಂತೆ, ನೀರು ತಿಳಿಯಾಗುವವರೆಗೆ. ಶಂಕ್ರಪ್ಪನವರ ಹೆಂಡತಿ ಗಿರಿಜವ್ವ ಮೆಟ್ಟಿಲ ಮೇಲೆ ನಿಂತು ನೋಡಿದರು.

"ಯಾಕೋ ತಮ್ಮಾ, ಅಕ್ಕಿ ತೊಳ್ಯಾಕತ್ತೀಯೋ, ಅದಕ್ಕ ಎಣ್ಣಿ ಹಚ್ಚಿ ಎರಿಯಾಕತ್ತೀಯೋ?"

ನಾನು ನಕ್ಕೆ. ಅವರು ನಗಲಿಲ್ಲ. ನಾನು ಚೆಲ್ಲಿದ ನೀರನ್ನು ಬೋಗುಣಿಯಲ್ಲಿ ಹಿಡಿದು ಕೆಳಗೆ ಒಯ್ದರು. ಆ ನೀರು ಮೊದಲು ಪಾತ್ರೆಗೆ, ಆಮೇಲೆ ಅಂಗಳಕ್ಕೆ, ಕೊನೆಗೆ ಕರಿಬೇವಿನ ಗಿಡಕ್ಕೆ. ನಳದ ನೀರು ಬಂದ ದಿನ ಇಡೀ ಓಣಿಯೇ ಕೆಲಸ ಬಿಟ್ಟು ನಿಲ್ಲುತ್ತದೆ; ಮತ್ತೆ ಯಾವಾಗ ಬರುತ್ತದೆಂದು ಯಾರೂ ಖಾತ್ರಿಯಾಗಿ ಹೇಳಲಾರರು. ನಮ್ಮೂರಿನಲ್ಲಿ ಆಷಾಢದಲ್ಲಿ ಬಾವಿಗೆ ಬಗ್ಗಿ ತಂಬಿಗೆಯಲ್ಲೇ ನೀರು ಮೊಗೆಯುತ್ತೇವೆಂದರೆ ಗಿರಿಜವ್ವ ನಂಬಲಿಲ್ಲ. "ಖರೇನ? ಸುಳ್ಳ ಹೇಳಬ್ಯಾಡೋ. ಹಗ್ಗ ಇಲ್ಲದ ಬಾವಿ ಎಲ್ಯರ ಇರತೈತೇನು?" ಖರೆ ಎಂದರೆ ನಿಜ. ಇಲ್ಲಿ ನಾನು ಮೊದಲು ಕಲಿತ ಮಾತು ಅದು. ಎಲ್ಲರೂ ನನ್ನ ಪ್ರತಿ ಮಾತಿಗೂ ಹಾಗೇ ಕೇಳುತ್ತಿದ್ದುದರಿಂದ.

ನಮ್ಮೂರಿನಲ್ಲಿ ನೀರು ಎಂದರೆ ನೀರು. ಇಲ್ಲಿ ಅದಕ್ಕೆ ಜಾತಿಗಳಿವೆ. ಸವಳು ನೀರು ಎಂದರೆ ಉಪ್ಪಿನ ನೀರು. ಬೇಳೆ ಬೇಯುವುದಿಲ್ಲ, ಶಂಕ್ರಪ್ಪನವರ ಪ್ರಕಾರ ನೂಲಿಗೆ ಬಣ್ಣವೂ ಸರಿಯಾಗಿ ಕೂಡುವುದಿಲ್ಲ. ಕುಡಿಯಲು ರುಚಿಯಾಗಿದ್ದೂ ಒಳಗೊಳಗೇ ಕೆಡಿಸುವ ನೀರು ಇನ್ನೊಂದು. ಅದರಲ್ಲಿ ಫ್ಲೋರೈಡ್ ಇರುತ್ತದೆ. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಹಲ್ಲು ಕಂದು ಕಟ್ಟಿದ ಮಕ್ಕಳನ್ನು ನೋಡಿದ ಮೇಲೆ ನಾನು ಶೀಸೆ ತುಂಬುವಾಗ ಯಾರ ಮುಖವನ್ನೂ ನೋಡುವುದಿಲ್ಲ. ಮೂರನೆಯದು ಸಿಹಿನೀರು. ಹಳೆಯ ತೆರೆದ ಬಾವಿಗಳಲ್ಲಿ, ಮೇಲ್ಪದರದ ಶಿಥಿಲ ಕಲ್ಲಿನಲ್ಲಿ ತಂಗುವ ಮಳೆನೀರು. ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿರುವ ನೀರು ಬಹಳ ಹಳೆಯದು. ಅದರ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಂದಾಜು ಮಾಡಲು ಬರುತ್ತದೆ. ನಾವು ಎತ್ತುತ್ತಿರುವ ಆಳದ ನೀರು ಕೆಲವೆಡೆ ಈಗಿನ ಯಾವ ಮನೆತನಕ್ಕಿಂತಲೂ ಹಳೆಯದು. ಖಾಲಿಯಾದರೆ ನಮ್ಮ ಕಾಲದಲ್ಲಿ ತುಂಬುವುದಿಲ್ಲ. ಇದನ್ನು ಸಭೆಗಳಲ್ಲಿ ಹೇಳುವುದು ಸುಲಭ. ಕೊಡ ಹಿಡಿದು ನಿಂತವರ ಎದುರು ಹೇಳಲು ನನಗೆ ಇನ್ನೂ ಬಂದಿಲ್ಲ.

ನಾನು ಹೇಳುತ್ತಿರುವ ಊರಿನಲ್ಲಿ ಸಿಹಿನೀರಿನ ಬಾವಿ ಒಂದೇ ಇತ್ತು. ಅದರ ಯಜಮಾನಿಕೆ ಯಾರೂ ಕೊಡದೆ ನೀಲವ್ವನವರಿಗೆ ಬಂದಿತ್ತು. ಅರವತ್ತು ದಾಟಿದ ಹೆಂಗಸು, ಬಾವಿಗೆ ಹೊಂದಿಕೊಂಡ ಮನೆ. ಯಾರು ಎಷ್ಟು ಕೊಡ ಸೇದಬೇಕು, ಬೇಸಗೆಯಲ್ಲಿ ಯಾರು ಒಂದು ಕೊಡ ಬಿಟ್ಟುಕೊಡಬೇಕು, ಬಾಣಂತಿ ಇರುವ ಮನೆಗೆ ಮೊದಲು ಎಂಬುದೆಲ್ಲ ಅವರ ಬಾಯಿಂದ ಬರುತ್ತಿತ್ತು. ನಾನು ಮೊದಲ ಸಲ ಹೋದಾಗ ಚಪ್ಪಲಿ ಬಿಡಿಸಿ, ಆಮೇಲೆ "ಬರ್ರಿ ಸರ, ಕುಂಡ್ರಿ" ಎಂದರು. ರೊಟ್ಟಿ ತಿನ್ನಲು ನನಗೆ ಅಲ್ಲಿಯೇ ಅಭ್ಯಾಸವಾದದ್ದು. ಮೀನು ಅನ್ನದ ಕೈ ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯಲು ಕಲಿತ ದಿನ ಅವರು ಓಣಿಗೆಲ್ಲ ಕೇಳುವಂತೆ ಹೇಳಿದ್ದರು: "ನೋಡ್ರವಾ, ಸರ ಇವತ್ತ ಗದಗ ಜಿಲ್ಲಾದಾಂವ ಆದ!"

ಬಾವಿಯ ಪಕ್ಕದಲ್ಲಿ ಎಂದೋ ಕೊರೆದು ಕೈಬಿಟ್ಟ ಒಂದು ಕೊಳವೆಯಿತ್ತು. ಅದನ್ನು ನಾವು ಅಳತೆಯ ಕೊಳವೆಯಾಗಿ ಆರಿಸಿಕೊಂಡೆವು. ಬಾಯಿಗೆ ಮುಚ್ಚಳ ಹಾಕಿ, ಪ್ರತಿ ಸಲವೂ ಅದೇ ಬಿಂದುವಿನಿಂದ ಅಳೆಯಬೇಕಾದ್ದರಿಂದ ಸುತ್ತ ಬಿಳಿ ಬಣ್ಣದ ಗುರುತು ಬಳಿದೆವು. ನಮ್ಮ ಅಳತೆಪಟ್ಟಿಯ ತುದಿಯಲ್ಲಿ ಒಂದು ತೂಕವಿರುತ್ತದೆ. ಇಳಿಬಿಟ್ಟಾಗ ಅದು ನೀರು ಮುಟ್ಟಿದೊಡನೆ ಮೇಲೆ ಕೀ ಎಂದು ಸದ್ದಾಗುತ್ತದೆ. ಪ್ರತಿ ಸಲ ಸದ್ದಾದಾಗಲೂ ಓಣಿಯ ಹೆಂಗಸರು "ಇದ್ದಾಳ್ರೀ, ಇದ್ದಾಳ" ಎನ್ನುತ್ತಿದ್ದರು. ಗಂಗವ್ವ ಇದ್ದಾಳೆ ಎಂದು.

ನೀಲವ್ವನವರ ಮೈದುನ ದ್ಯಾಮಣ್ಣ ಒಂದು ದಿನ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಕೇಳಿದರು. ಅವರು ಮೆಣಸಿನಕಾಯಿ ಹಾಕುವ ಹೊಲ ಬಾವಿಯ ಆಚೆ ಬದಿಗೇ ಇತ್ತು.

"ಸರ, ಇಲ್ಲಿ ಒಂದ್ ಬೋರ್ ಹೊಡಿಸಿದ್ರ ಎಷ್ಟ್ ಇಂಚ್ ನೀರ್ ಬೀಳತೈತ್ರಿ?"

"ಇಲ್ಲಿ ಏನೂ ಇಲ್ಲ," ಎಂದೆ. "ಕೊಳವೆಯಲ್ಲಿ ನೀರಿನ ಮಟ್ಟ ಕಾಣುತ್ತದೆ ಅಷ್ಟೆ, ಎತ್ತುವಷ್ಟು ನೀರಿಲ್ಲ. ಇಲ್ಲಿ ಕೊರೆಸಬೇಡಿ. ಬಾವಿಗೂ ಅಪಾಯ."

ಅವರು ನನ್ನ ಮುಖವನ್ನೇ ನೋಡಿದರು. ನಿಧಾನವಾಗಿ ನಕ್ಕರು. "ಆತ್ರಿ ಸರ, ತಿಳೀತು. ನೀವೇನ್ ಬಿಡಿಸಿ ಹೇಳಬ್ಯಾಡ್ರಿ." ಎದ್ದು ಹೋಗುವಾಗ ನನ್ನ ಚೀಲಕ್ಕೆ ಒಂದು ತೆಂಗಿನಕಾಯಿ ಹಾಕಿದರು.

ಕರಾವಳಿಯವನಿಗೆ ತೆಂಗಿನಕಾಯಿ ಒಂದು ಸಂಗತಿಯೇ? ದಾರಿಯಲ್ಲಿ ಬಿದ್ದಿರುತ್ತದೆ. ಕೋಣೆಗೆ ಬಂದು ತುರಿದು ಚಟ್ನಿ ಮಾಡಿಕೊಂಡೆ. ಗಿರಿಜವ್ವನವರಿಗೂ ಕೊಟ್ಟೆ.

ನನಗೆ ತಿಳಿಯದಿದ್ದದ್ದು ಇದು. ಆ ಊರಿನಲ್ಲಿ ನೀರು ನೋಡುವವರು, ಎಂದರೆ ಬೋರಿಗೆ ಜಾಗ ತೋರಿಸುವವರು, ನೀರಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೆಸರೆತ್ತಿ ಹೇಳಿದರೆ ಗಂಗವ್ವ ಕೆಳಕ್ಕೆ ಸರಿಯುತ್ತಾಳೆಂಬ ನಂಬಿಕೆ. ಒಳ್ಳೆಯ ಜಾಗ ಸಿಕ್ಕಾಗ "ಇಲ್ಲೇನೂ ಇಲ್ಲ, ಇಲ್ಲಿ ಹೊಡಿಸಬ್ಯಾಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅದೇ ಜಾಗಕ್ಕೆ ಸುಣ್ಣದ ಗುರುತು ಹಾಕಿ, ತೆಂಗಿನಕಾಯಿ ಸ್ವೀಕರಿಸಿ ಹೋಗುತ್ತಾರೆ. ಬೇರೆ ಊರುಗಳಲ್ಲಿ ಹೇಗೋ ನಾನು ಹೇಳಲಾರೆ. ಅಲ್ಲಿ ಹಾಗೆ. ಇದನ್ನು ನೀಲವ್ವ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಆ ಬೆಳಿಗ್ಗೆ ನಾನು ಎಂದಿನ ಅಳತೆಗೆ ಹೋದವನು. ನಾವು ಬಳಿದ ಬಿಳಿ ಗುರುತಿನ ಪಕ್ಕಕ್ಕೇ ಲಾರಿ ಬಂದು ನಿಂತು ಬಹಳ ಹೊತ್ತಾಗಿತ್ತು. ಧೂಳು ಏಳುತ್ತಿತ್ತು. ಪಂಪು ರಿಪೇರಿಯ ಮೌಲಾಸಾಬರು ಒಂದು ಬದಿಗೆ ನಿಂತಿದ್ದರು. ಮೇಲ್ಪದರಕ್ಕೆ ಎಷ್ಟು ಆಳದವರೆಗೆ ಪೈಪು ಇಳಿಸಿದ್ದಾರೆಂದು ಕೇಳಿದೆ. ಆ ಪೈಪು ಗಟ್ಟಿ ಬಂಡೆ ಸಿಗುವವರೆಗೂ ಇಳಿಯಬೇಕು; ಇಲ್ಲದಿದ್ದರೆ ಮೇಲಿನ ನೀರು ಹೊಸ ರಂಧ್ರದ ಮೂಲಕ ಕೆಳಗಿನ ಖಾಲಿ ಬಿರುಕುಗಳಿಗೆ ಸೋರಿಹೋಗುತ್ತದೆ. ಮೌಲಾಸಾಬರು ಕಿವಿಯ ಹತ್ತಿರ ಬಂದು, "ಅರ್ಧಕ್ಕ ನಿಲ್ಲಿಸ್ಯಾರ್ರೀ. ನಾ ಅಂದ್ಯಾ, ಕೇಳಲಿಲ್ಲ" ಎಂದರು.

ಬಾವಿಯ ಕಟ್ಟೆ ಹತ್ತಿದೆ. ಆಗಲೇ ಗುಳ್ಳೆ ಎದ್ದದ್ದು. ಕೊರೆಯುವ ಯಂತ್ರ ಒತ್ತುವ ಗಾಳಿ ಬಾವಿಯಲ್ಲಿ ಹೊರಬರುತ್ತಿದೆ ಎಂದರೆ ಎರಡರ ನಡುವೆ ದಾರಿ ತೆರೆದಿದೆ ಎಂದರ್ಥ. ಗಾಳಿ ಬಂದ ದಾರಿಯಲ್ಲೇ ನೀರು ಹೋಗುತ್ತದೆ.

"ನಿಲ್ಲಿಸಿ!" ಎಂದು ಕೂಗಿದೆ. "ದ್ಯಾಮಣ್ಣ, ಯಂತ್ರ ನಿಲ್ಲಿಸಲು ಹೇಳಿ. ಈಗಲೇ ಜೇಡಿಮಣ್ಣು ತುಂಬಿ ಮುಚ್ಚಬೇಕು!"

"ಗಂಗವ್ವ ಉಕ್ಕಾಕತ್ತಾಳ, ನಿಲ್ಲಸಂತೀರಲ್ರೀ ಸರ!" ದ್ಯಾಮಣ್ಣನವರ ಕಣ್ಣಲ್ಲಿ ನೀರಿತ್ತು, ಸಂತೋಷಕ್ಕೆ. ಪಕ್ಕದಲ್ಲಿದ್ದ ಕಾಶವ್ವ ಎಂಬವರಿಗೆ ಹೇಳಿದರು: "ಕಾಕೂ, ಕಂಡೀ? ಸರ ಇನ್ನೂ ಬಾಯಿ ಬಿಡವಲ್ರು. ಭಾಳ ಪಕ್ಕಾ ಮನಷ್ಯಾ!"

ನಾನು ಎಷ್ಟು ಬೇಡವೆಂದೆನೋ ಅವರಿಗೆ ಅಷ್ಟು ಧೈರ್ಯ ಬಂತು. ಲಾರಿಯವರ ಬಳಿ ಓಡಿದೆ. ಅವರು ಬೇರೆ ರಾಜ್ಯದವರು, ಹಣ ಕೊಡುವವರ ಮುಖ ನೋಡಿದರು. ದ್ಯಾಮಣ್ಣ ಕೈಯಾಡಿಸಿದರು: ಹೊಡೀರಿ.

ಗುಳ್ಳೆಗಳು ನಿಂತವು. ಸ್ವಲ್ಪ ಹೊತ್ತು ನೀರು ಸುಮ್ಮನಿತ್ತು. ಆಮೇಲೆ ಕಲ್ಲುಗಳ ಮೇಲೆ ಒದ್ದೆಯ ಒಂದು ಪಟ್ಟಿ ಕಂಡಿತು, ಅಂಗೈಯಗಲ. ಸದ್ದಿರಲಿಲ್ಲ. ನೋಡುತ್ತ ನಿಂತರೆ ಇಳಿಯುವುದು ಕಾಣುತ್ತಿರಲಿಲ್ಲ, ಕಣ್ಣು ತೆಗೆದು ಮತ್ತೆ ನೋಡಿದರೆ ಇಳಿದಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನೀಲವ್ವ ತಾವು ಮದುವೆಯಾಗಿ ಬಂದ ಮೇಲೆ ಎಂದೂ ಕಾಣದ ಮೆಟ್ಟಿಲೊಂದನ್ನು ಕಂಡರು. ಇಳಿಹೊತ್ತಿಗೆ ತಳದಲ್ಲಿ ಕೆಸರು, ಅದರ ಮೇಲೆ ಅರಿಸಿನ. ಹೊಸ ಕೊಳವೆಯಿಂದ ಬಂದದ್ದು ಬೂದಿಬಣ್ಣದ ಹಿಟ್ಟು, ಬರೀ ಕಲ್ಲಿನ ಹಿಟ್ಟು. ಲಾರಿ ಸರಳುಗಳನ್ನು ಏರಿಸಿಕೊಂಡು ಹೋಯಿತು.

ಯಾರೂ ಬೈಯಲಿಲ್ಲ. ನೀಲವ್ವ ಬಂದು, "ಸರ, ನಿಮ್ಮ ಪಟ್ಟಿ ಬಿಡ್ರಿ ನೋಡೂಣು. ಎಲ್ಲಿ ಹೋಗ್ಯಾಳ ಕೇಳೂಣು" ಎಂದರು. ಅಳತೆಯ ಕೊಳವೆಗೆ ಪಟ್ಟಿ ಇಳಿಬಿಟ್ಟೆ. ತೂಕ ತಳ ಮುಟ್ಟಿತು. ಪಟ್ಟಿ ಸಡಿಲಾಯಿತು. ಸದ್ದಾಗಲಿಲ್ಲ.

"ಮತ್ತೊಂದ್ ಸಲ ಬಿಡ್ರಿ."

ಬಿಟ್ಟೆ.

"ಕೆಟ್ಟಿರಬೇಕು ಅದು," ಎಂದು ದ್ಯಾಮಣ್ಣ ಮೆಲ್ಲಗೆ ಹೇಳಿದರು. ನೀಲವ್ವ ಮನೆಯಿಂದ ಒಂದು ತಂಬಿಗೆ ನೀರು ತಂದರು. ಬೆಳಿಗ್ಗೆ ಸೇದಿಟ್ಟ ನೀರು. ತೂಕವನ್ನು ಅದರಲ್ಲಿ ಅದ್ದಿದೆ. ಕೀ ಎಂದಿತು. ದ್ಯಾಮಣ್ಣ ಅಲ್ಲಿಯೇ ನೆಲಕ್ಕೆ ಕುಳಿತರು.

ಮರುದಿನದಿಂದ ಜೇಡಿಮಣ್ಣು, ಸಿಮೆಂಟು ಎಲ್ಲ ತುಂಬಿಸಿದೆವು. ಮುಂಗಾರಿನಲ್ಲಿ ಬಾವಿಗೆ ಮೊಣಕಾಲುದ್ದ ನೀರು ಬಂತು, ಮಳೆ ನಿಂತ ಮೇಲೆ ನಿಲ್ಲಲಿಲ್ಲ. ಬಿರುಕು ಎಲ್ಲೆಲ್ಲಿ ಹರಡಿದೆಯೋ ಅದನ್ನು ಮುಚ್ಚುವ ವಿದ್ಯೆ ನಮ್ಮಲ್ಲಿಲ್ಲ. ಈಗ ಆ ಊರು ಕುಡಿಯುವುದು ಊರ ಹೊರಗಿನ ಕೊಳವೆಬಾವಿಯ ನೀರು. ಅದರ ಶೀಸೆ ತುಂಬಿದವನು ನಾನು, ಫಲಿತಾಂಶ ನನಗೆ ಗೊತ್ತು, ಅವರಿಗೂ ಹೇಳಿದ್ದೇನೆ. ಅವರು ಕುಡಿಯುತ್ತಾರೆ. ಶುದ್ಧೀಕರಣದ ಯಂತ್ರ ಬರುತ್ತದಂತೆ. ಸಿಂಗಟಾಲೂರಿನಿಂದ ಎತ್ತುವ ಹೊಳೆಯ ನೀರು ಬರುತ್ತದಂತೆ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಇದೇ ತಾಲ್ಲೂಕಿನ ಮಾಗಡಿ ಕೆರೆಗೆ ಇವರ ತಲೆಯ ಮೇಲೆಯೇ ಹಾರಿ ಹೋಗುತ್ತವೆ.

ನಮ್ಮ ಯೋಜನೆಯ ಹಿರಿಯರು ನಾನು ಬರೆದ ನೀರಿನ ಮಟ್ಟದ ನಕ್ಷೆ ನೋಡಿದರು. ವರ್ಷಗಟ್ಟಲೆ ಮೆಲ್ಲಗೆ ಏರಿಳಿದ ಗೆರೆ ಒಂದೇ ದಿನ ನೆಟ್ಟಗೆ ಕೆಳಗೆ ಬಿದ್ದಿತ್ತು. "ಮೇಲಿನ ಪದರಕ್ಕೂ ಕೆಳಗಿನದಕ್ಕೂ ಇರುವ ಸಂಬಂಧಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಅಪರೂಪ," ಎಂದರು. ಅವರು ಕೆಟ್ಟವರಲ್ಲ. ಹೇಳಿದ್ದು ನಿಜ. ಆ ಗೆರೆ ಈಗ ಒಂದು ಲೇಖನದಲ್ಲಿದೆ.

ಬಾವಿ ಬತ್ತಿದ ದಿನ ಸಂಜೆ ಬೆಟಗೇರಿಗೆ ಬಂದವನು ಊರಿಗೆ, ಅಕ್ಕನಿಗೆ, ಫೋನು ಮಾಡಿದೆ. "ನಮ್ಮ ಬಾವಿ ಹೋಯ್ತು," ಎಂದೆ. ಆಚೆ ಕಡೆ ಅವಳು ಓಡಿದ್ದು ಕೇಳಿಸಿತು, ಆಮೇಲೆ ಹಗ್ಗದ ಸದ್ದು. ಏದುಸಿರು ಬಿಡುತ್ತ ಬಂದಳು. "ಎಂತಾ ಮಾತಾಡ್ತೆ ನೀನು? ನೀರು ಇದ್ಯಲಾ! ಕೊಡಪಾನ ತುಂಬ್ಕಂಡೇ ಬಂದೆ." ಯಾವ ಬಾವಿ ಎಂದು ನಾನು ಬಿಡಿಸಿ ಹೇಳಲಿಲ್ಲ. ಊರಿಗೆ ಹೋದರೆ ಈಗ ಬಾವಿಯ ಬಳಿ ಹೆಚ್ಚು ಹೊತ್ತು ನಿಲ್ಲಲಾರೆ. ಅಷ್ಟು ನೀರು ಕಂಡರೆ ಒಳಗೆ ಬಂದುಬಿಡುತ್ತೇನೆ. ಇಲ್ಲಿಗೆ ಬಂದರೆ ಗಿರಿಜವ್ವ, "ನಿಮ್ಮೂರ ಮಳಿ ಹೆಂಗೈತೋ ತಮ್ಮಾ?" ಎಂದು ಅಲ್ಲಿಯದನ್ನೇ ಕೇಳುತ್ತಾರೆ.

ಆ ದಿನ ಬಾವಿಯ ನೀರು ಇಳಿದದ್ದನ್ನು ಕೊನೆಯವರೆಗೂ ನಿಂತು ನೋಡಿದವರು ಐದು ಜನ. ಪಂಪಿನ ಮೌಲಾಸಾಬರು ಕಳೆದ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡರು. ಕಾಶವ್ವ ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ದ್ಯಾಮಣ್ಣ ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಕಂಡರೆ ನಿಂತು ಮಾತಾಡುತ್ತಾರೆ, ಆ ದಿನದ ವಿಷಯ ಬಿಟ್ಟು. ನೀಲವ್ವ ಅದೇ ಮನೆಯಲ್ಲಿ ಬದುಕಿದ್ದಾರೆ. ಐದನೆಯವನು ನಾನು.