ಟ್ರೇಯಲ್ಲಿ ಇಟ್ಟ ಲಿಂಗ

ಕೋವಿಡ್ ಗಲಾಟೆ ಅಡಗಿದ ಮರುವರ್ಷದ ಮಾತು. ಹೊನ್ನಾಳಿಯಲ್ಲಿ ಸ್ಟಾಫ್ ನರ್ಸ್ ಆಗಿ ನಿವೃತ್ತಳಾದ ಮೇಲೆ ನಾನು ಮೆಡಿಕಲ್ ಎಸ್ಕಾರ್ಟ್ ಕೆಲಸ ಹಿಡಿದಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ದೂರದೇಶದಲ್ಲಿ ಕಾಯಿಲೆ ಬಿದ್ದವರನ್ನು ವಿಮಾನದಲ್ಲಿ ಜೊತೆಗಿದ್ದು ಜೋಪಾನವಾಗಿ ಮನೆ ಮುಟ್ಟಿಸುವುದು.

ಆ ಸಲದ ರೋಗಿ ಬಸವಾಪಟ್ಟಣದ ರುದ್ರಪ್ಪ. ಹೊರದೇಶದ ಬಂದರೊಂದರಲ್ಲಿ ಕ್ರೇನ್ ಆಪರೇಟರ್ ಆಗಿದ್ದವನು ಸ್ಟ್ರೋಕ್ ಹೊಡೆದು ಐಸಿಯುನಲ್ಲಿ ಮಲಗಿದ್ದ. ಮಿದುಳಿನಲ್ಲಿ ಬಾವು ಏರುತ್ತಿತ್ತು. ನಾಳೆಯ ಮಾತು ಹೇಳಲಾಗದು, ಹತ್ತಿರದವರು ಬೇಗ ಬನ್ನಿ ಎಂದು ಅಲ್ಲಿನ ಡಾಕ್ಟರು ತಿಳಿಸಿದ್ದರು. ಹತ್ತಿರದವರೆಂದರೆ ಅವನ ಅಕ್ಕ ಗಂಗಮ್ಮ ಒಬ್ಬರೇ. ತಾಯಿ ತೀರಿಕೊಂಡಾಗ ಇನ್ನೂ ಅಂಬೆಗಾಲಿಡುತ್ತಿದ್ದ ತಮ್ಮನನ್ನು ಎತ್ತಿ ಸಾಕಿದವರು. ಎಂದೋ ಒಮ್ಮೆ ಕರೆಸಿಕೊಳ್ಳುತ್ತೇನೆಂದು ತಮ್ಮ ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಈಗ ಕೆಲಸಕ್ಕೆ ಬಂತು.

ಬೆಂಗಳೂರಿನಲ್ಲಿ ನನ್ನ ಜೊತೆ ವಿಮಾನ ಹತ್ತಿದಾಗ ಗಂಗಮ್ಮ ಇನ್ನೂ ನಗುತ್ತಲೇ ಇದ್ದರು. ಸೀಟಿನ ಬೆಲ್ಟ್ ಬಿಗಿದರೆ, "ಇದೇನ್ರೀ ನರ್ಸಮ್ಮ, ಲಾಳ ಹೊಡೆಯಾಕೆ ಎತ್ತು ಕೆಡವಿದಂಗೆ ಕಟ್ಟಾಕ್ತೀರಲ್ರೀ!" ಎಂದರು. ಊಟ ಬಂದಾಗ ಸೆರಗಿನೊಳಗೆ ಕೈ ಹಾಕಿ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದರೊಳಗೆ ಇಷ್ಟಲಿಂಗ. ಎಂಟನೇ ವಯಸ್ಸಿನಲ್ಲಿ ಗುರುಗಳು ಅಂಗೈಗಿಟ್ಟದ್ದು, ಅಂದಿನಿಂದ ಪೂಜೆಗೆ ಅಂಗೈಗೆ ಬಂದದ್ದು ಬಿಟ್ಟರೆ ಮೈ ಬಿಟ್ಟು ಕದಲಿರಲಿಲ್ಲ. ಲಿಂಗ ಮೈಮೇಲಿಲ್ಲದೆ ಗುಟುಕು ನೀರನ್ನೂ ನುಂಗಬಾರದೆಂಬುದು ಅವರ ಮನೆತನದ ಕಟ್ಟು. ಬೆಂಗಳೂರಿನಲ್ಲಿ ಇದು ತೊಡಕಾಗಲಿಲ್ಲ. ತಪಾಸಣೆಯ ಹೆಣ್ಣುಮಗಳು ನೋಡಿ, ಕೈ ಮುಗಿದು, "ಹೋಗಿ ಅಮ್ಮ" ಎಂದಿದ್ದಳು.

ತೊಡಕು ಬಂದದ್ದು ನಡುದಾರಿಯಲ್ಲಿ, ವಿಮಾನ ಬದಲಿಸಬೇಕಾದ ನಿಲ್ದಾಣದಲ್ಲಿ. ಒಂದೂರಿನಷ್ಟಗಲದ ಗಾಜಿನ ಚಪ್ಪರ. ಅಲ್ಲಿ ಎಲ್ಲರನ್ನೂ ಮತ್ತೆ ತಪಾಸಣೆ ಮಾಡುತ್ತಿದ್ದರು. ಗಂಗಮ್ಮ ಲೋಹ ಪತ್ತೆಹಚ್ಚುವ ಚೌಕಟ್ಟು ದಾಟಿದೊಡನೆ ಅದು ಕೂಗಿಕೊಂಡಿತು. ಕೈಗವಸು ಹಾಕಿದ್ದ ಅಧಿಕಾರಿಣಿ ಎದೆಯತ್ತ ಬೆರಳು ತೋರಿಸಿ, ಅದನ್ನು ತೆಗೆದು ಟ್ರೇಯಲ್ಲಿಡಲು ಹೇಳಿದಳು.

ನಾನು ನನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ ವಿವರಿಸಿದೆ. ಇದು ಧರ್ಮದ ವಸ್ತು, ಮೈ ಬಿಡುವಂತಿಲ್ಲ, ಬೇಕಾದರೆ ಬೇರೆ ಕೋಣೆಯಲ್ಲಿ ಪರೀಕ್ಷಿಸಿ ಎಂದೆ. ಅವಳು ತನ್ನ ಮೇಲಿನ ಅಧಿಕಾರಿಯನ್ನು ಕರೆದಳು. ಅಷ್ಟರಲ್ಲಿ ನನಗೊಂದು ಉಪಾಯ ಹೊಳೆಯಿತು. ಗಂಗಮ್ಮ ಕರಡಿಗೆ ತೆರೆದು ಲಿಂಗವನ್ನು ಎಡಗೈಯಲ್ಲಿ ಹಿಡಿದರು. ಖಾಲಿ ಕರಡಿಗೆಯನ್ನು ಮೆಷಿನ್ನಿಗೆ ಬಿಟ್ಟೆವು. ಮೇಲಿನವನು ಬಂದು ಅಂಗೈಯಲ್ಲಿದ್ದ ಕರಿಯ ಗುಂಡನ್ನು ದಿಟ್ಟಿಸಿದ. ಇದೂ ಹೋಗಲೇಬೇಕು ಎಂದ. ಆಗುವುದಿಲ್ಲವಾದರೆ ಪಕ್ಕಕ್ಕೆ ನಿಲ್ಲಿ ಎಂದ. ಗೊಣಗುವ ಸಾಲು ನಮ್ಮನ್ನು ಸುತ್ತಿಕೊಂಡು ಮುಂದೆ ಹೋಯಿತು. ನಮ್ಮ ವಿಮಾನದ ಹೆಸರನ್ನು ಮೈಕಿನಲ್ಲಿ ಕೂಗಿದರು. ಅದು ತಪ್ಪಿದರೆ ಮುಂದಿನದು ಮರುದಿನ.

ನಾನು ಗಂಗಮ್ಮನವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

"ನೀವೇ ಹೇಳ್ರಿ ತಾಯಿ," ಎಂದರು ಗಂಗಮ್ಮ. "ಅವನ್ನ ನೋಡಾಕೆ ಇವನ್ನ ಬಿಡ್ಲಾ? ಇವನ್ನ ಹಿಡಕಂಡು ಅವನ್ನ ಬಿಡ್ಲಾ?"

ಅವರೇ ಸೆರಗಿನ ತುದಿಯಿಂದ ಟ್ರೇಯನ್ನು ಒರೆಸಿದರು. ಕರವಸ್ತ್ರ ಹಾಸಿ, ಮಲಗಿದ ಕೂಸನ್ನು ಇಳಿಸುವಂತೆ ಲಿಂಗವನ್ನು ಇಳಿಸಿದರು. ಬಾಯಿ ಬಿಗಿದುಕೊಂಡು ನಿಂತರು. ಉಗುಳನ್ನೂ ನುಂಗುತ್ತಿಲ್ಲವೆಂದು ಗಂಟಲು ನೋಡಿದ ನನಗೆ ತಿಳಿಯಿತು.

ಮೆಷಿನ್ನಿನ ಪರದೆಯ ಮೇಲೆ ಕರಿಗುಂಡಿನೊಳಗೆ ಇನ್ನೊಂದು ಚಿಕ್ಕ ಗುಂಡು ಕಂಡಿರಬೇಕು. ಕಾಣಲೇಬೇಕಲ್ಲ, ಒಳಗಿನ ಕಲ್ಲಿನ ಲಿಂಗಕ್ಕೆ ಕಂತಿಯೆಂಬ ಕರಿಯ ಲೇಪದ ಹೊದಿಕೆ ಇರುವುದೇ ಅದನ್ನು ಕಾಪಾಡಲು. ಮೇಲಿನವನು ನಾನು "ಬೇಡ" ಎನ್ನುವುದರೊಳಗೆ ಸಣ್ಣದೊಂದು ಉಪಕರಣದ ಮೊನೆಯಿಂದ ಆ ಹೊದಿಕೆಯನ್ನು ಮೀಟಿದ. ಅದು ಚಕ್ಕೆಯೆದ್ದು ಸೀಳಿತು. ಒಳಗೆ ಕಲ್ಲನ್ನು ಕಂಡು, ಸರಿ, ಹೋಗಿ ಎಂದು ಕೈ ಬೀಸಿದ. ಸಿಟ್ಟೂ ಇಲ್ಲ, ಕುಹಕವೂ ಇಲ್ಲ. ಬೇಳೆಯಲ್ಲಿ ಕಲ್ಲು ಆರಿಸುವವರ ಮುಖದಂತಿತ್ತು ಅವನ ಮುಖ.

ಗಂಗಮ್ಮ ಅಳಲಿಲ್ಲ. ಚಕ್ಕೆಗಳನ್ನು ಒಂದೊಂದಾಗಿ ಆಯ್ದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ನಾವು ಓಡಿದೆವು. ವಿಮಾನ ಸಿಕ್ಕಿತು.

ರುದ್ರಪ್ಪ ಉಳಿದಿದ್ದ. ಅಕ್ಕನ ದನಿ ಕೇಳಿ ಎಡಗಣ್ಣು ತೆರೆದ. ಆದರೆ ಸೀಳಿದ ಲಿಂಗ ಪೂಜೆಗೆ ಸಲ್ಲದು, ಲಿಂಗವಿಲ್ಲದೆ ಪ್ರಸಾದವಿಲ್ಲ ಎಂದು ಆಕೆ ಊಟ ನೀರು ಎರಡನ್ನೂ ಬಿಟ್ಟರು. ಐಸಿಯು ಒಳಗೊಬ್ಬ ರೋಗಿ, ಹೊರಗೊಬ್ಬರು ರೋಗಿ ಆಗುವ ಹೊತ್ತು. ಕೊನೆಗೆ ಊರಿನ ಅಯ್ಯನವರಿಗೆ ಫೋನ್ ಹಚ್ಚಿದೆ.

"ಅಂಗೈ ನೋಡ್ಕಂಡು ಲಿಂಗ ಐತೆ ಅಂತ ಭಾವಿಸ್ಕೊ ತಂಗಿ, ಉಣ್ಣು," ಎಂದರು ಅವರು.

ಖಾಲಿ ಅಂಗೈಯನ್ನು ನೋಡುತ್ತಾ ಆಕೆ ಉಂಡ ತುತ್ತುಗಳನ್ನು ನಾನು ಮರೆತಿಲ್ಲ.

ತಿಂಗಳೊಪ್ಪತ್ತಿನ ಮೇಲೆ ರೋಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅದೇ ನಿಲ್ದಾಣದ ಮೂಲಕ ವಾಪಸಾದೆವು. ಈ ಸಲ ಬೇರೆ ಶಿಫ್ಟು. ಗಂಗಮ್ಮ ಕರವಸ್ತ್ರ ಬಿಚ್ಚಿ ತೋರಿಸಿದರು. ಅಲ್ಲಿದ್ದ ಹುಡುಗಿ ಕಾಗದದ ಪಟ್ಟಿಯೊಂದನ್ನು ಲಿಂಗಕ್ಕೆ ಮೆಲ್ಲಗೆ ಒತ್ತಿ, ಆ ಪಟ್ಟಿಯನ್ನು ಸ್ಫೋಟಕದ ಸುಳಿವು ಹುಡುಕುವ ಮೆಷಿನ್ನಿಗೆ ಕೊಟ್ಟು, ನಕ್ಕು ದಾಟಿಸಿದಳು. ಕೈಯಲ್ಲಿ ಹಿಡಿದದ್ದನ್ನು ಕೈಯಲ್ಲೇ ಪರೀಕ್ಷಿಸಲು ಬರುತ್ತಿತ್ತು ಎಂದಾಯಿತು. ಅಂದು ಆ ಮೇಲಿನವನಿಗೆ ಬೇಕೆನಿಸಲಿಲ್ಲ, ಅಷ್ಟೇ.

ಆರು ತಿಂಗಳು ಬಿಟ್ಟು ಬಸವಾಪಟ್ಟಣಕ್ಕೆ ಹೋದೆ. ರುದ್ರಪ್ಪ ಕೋಲು ಊರಿ ನಡೆಯುತ್ತಿದ್ದ, ಮಾತು ಮರಳಿತ್ತು. "ನೋಡ್ರೀ ನರ್ಸಮ್ಮ, ನಮ್ಮಕ್ಕ ಇನ್ನೂ ಅದಕ್ಕೇ ಕೊರಗ್ತಾಳೆ. ಒಂದು ಕಲ್ಲಿಗೆ ಇಷ್ಟಾ? ಹೊಸಾದು ಕಟ್ಟಿಸ್ಕಂಡಾಳಲ್ಲ, ಮುಗೀತು!" ಎಂದು ಸೊಟ್ಟ ಬಾಯಲ್ಲಿ ನಕ್ಕ.

ಗಂಗಮ್ಮ ನನ್ನ ಮುಂದೆ ಚಹಾ ಇಟ್ಟರು. "ನಗ್ಲಿ ಬಿಡ್ರಿ," ಎಂದರು. "ನಗಾಕಂತಾನೇ ಅಲ್ವಾ ಉಳಿಸ್ಕಂಡಿದ್ದು."

ಈಗ ಯಾರನ್ನೇ ಕರೆದೊಯ್ಯಲಿ, ಬಿ.ಪಿ. ನೋಡುವ ಮೊದಲು ಒಂದು ಮಾತು ಕೇಳುತ್ತೇನೆ: ಮೈಮೇಲಿಂದ ಯಾವುದನ್ನು ತೆಗೆಯಲಾರಿರಿ? ತಾಯತ, ತಾಳಿ, ಲಿಂಗ, ಏನೇ ಇರಲಿ, ನಿಲ್ದಾಣಕ್ಕೆ ಮೊದಲೇ ತಿಳಿಸಿ, ನಡುವೆ ಬಿಡುವು ಹೆಚ್ಚಿರುವ ಟಿಕೆಟ್ ಮಾಡಿಸುತ್ತೇನೆ. ರೋಗಿಯ ಜೀವ ಎಲ್ಲೆಲ್ಲಿದೆ ಎಂದು ತಿಳಿಯದೆ ಆರೈಕೆ ಆಗದು ಎಂಬುದು ಈ ಕೆಲಸ ಕಲಿಸಿದ ಪಾಠ. ಆದರೆ ಅಷ್ಟೆಲ್ಲ ಮಾಡಿದ ಮೇಲೂ, ಅಲ್ಲಿ ಯಾವ ಶಿಫ್ಟಿನವರು ಎದುರಾಗುತ್ತಾರೆ ಎಂಬುದು ನನ್ನ ಕೈಯಲ್ಲಿಲ್ಲ.