ಶಿವ ಬಲಗಡೆ ಹೂ ಕೊಟ್ಟ ದಿನ

ಇವತ್ತು ದೇವಸ್ಥಾನದಲ್ಲಿ ಕಣಗಿಲೆ ಹೂವಿನ ವಾಸನೆ ಬಡಿದು ಹಳೆಯದೊಂದು ದಿನ ನೆನಪಾಯಿತು.

ಆಗ ನನಗೆ ಹುಣಸೂರಿನಲ್ಲಿ ಹೈಸ್ಕೂಲಿನ ಕೊನೆಯ ವರ್ಷ. ಮೈಸೂರಲ್ಲಿ ಕಾಲೇಜು ಓದುವವನು ನಾನೇ ಎಂದು ಊರೆಲ್ಲ ಕೊಚ್ಚಿಕೊಂಡಿದ್ದೆ. ಅಪ್ಪ ಮಾತ್ರ ಶಿವನಲ್ಲಿ ಹೂ ಕೇಳದೆ ಒಪ್ಪುವವರಲ್ಲ.

"ಬಲಕ್ಕೆ ಬಿದ್ರೆ ಕಾಲೇಜು, ಎಡಕ್ಕೆ ಬಿದ್ರೆ ನೇಗ್ಲು ಕಣ್ಲಾ," ಎಂದರು.

ಲಿಂಗಕ್ಕೆ ಅಂಟಿಸಿದ ಕಣಗಿಲೆ ಹೂ ಅಲುಗಲೇ ಇಲ್ಲ. ಕಾಡಾನೆಗೂ ಹೆದರದ ನಾನು ಕಂಬದ ಹಿಂದೆ ಅವಿತು ಇಣುಕಿದೆ. ಕೊನೆಗೆ ಬಲಕ್ಕೇ ಬಿತ್ತು! ಕುಣಿಯುವಷ್ಟರಲ್ಲಿ ಅಜ್ಜಿ ಕಿವಿ ಹಿಂಡಿದಳು.

"ಸಿವ ಮಾತು ಕೊಟ್ಟವ್ನೆ. ನೀನು ಫೇಲಾಗಿ ಅವನ ಮಾತ್ನ ಸುಳ್ಳು ಮಾಡ್ಬುಟ್ಟೀಯ, ಉಸಾರು!"

ಲೆಕ್ಕದಲ್ಲಿ ನಾನು ಅದುವರೆಗೂ ಪಾಸಾದವನೇ ಅಲ್ಲ. ಪರೀಕ್ಷೆ ಮುಗಿಯುವವರೆಗೆ ಮುದ್ದೆ ಉಣ್ಣುವಾಗಲೂ ಲೆಕ್ಕದ ಪುಸ್ತಕ ಕೈಬಿಡಲಿಲ್ಲ.

ಪಾಸಾದೆ ಬಿಡಿ. ಇವತ್ತು ಪಕ್ಕದಲ್ಲಿ ನಿಂತು ಈ ಕತೆ ಕೇಳಿದ ಮೊಮ್ಮಗಳು, ಅವಳಿಗೂ ಕಾಲೇಜು ಸೇರುವ ಕಾಲ, "ತಾತ, ಆಗ ನಿಮಗೂ ಭಯ ಆಗಿತ್ತಾ?" ಎಂದಳು.

"ನನಗಾ? ಚೇ!" ಎಂದೆ.